ಬಾಂಬು ನಿಲ್ಲುವ ಮೊದಲೇ ಮನೆ ಕಟ್ಟುವ ಲೆಕ್ಕ ಯಾಕೆ?

"ಅಲ್ರೀ, ಇನ್ನಾ ಬಾಂಬ್ ಬೀಳ್ಲಾಕತ್ತಾವ, ಈಗೇ ಮನಿ ಕಟ್ಟೋ ಲೆಕ್ಕ ಯಾಕ್ ಹಚ್ಯಾರ?" ಉಕ್ರೇನಿನ ಪುನರ್‌ನಿರ್ಮಾಣಕ್ಕೆ ಅಂತ ದೇಶದೇಶಗಳು ಸಭೆ ಸೇರಿದ ಸುದ್ದಿ ಬಂದಾಗಲೆಲ್ಲ ಕಲಬುರಗಿಯ ಗಂಜಿನಲ್ಲಿ ಯಾರಾದರೂ ಒಬ್ಬರು ಹೀಗೆ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಇದು. 2022ರಲ್ಲಿ ಸೂರ್ಯಕಾಂತಿ ಎಣ್ಣೆಯ ರೇಟು ಏಕಾಏಕಿ ಏರಿ ಆ ಯುದ್ಧ ನಮ್ಮ ಅಡುಗೆಮನೆಗೂ ಬಂದಿತ್ತು. ಖಾರ್ಕಿವ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದ ನಮ್ಮ ರಾಜ್ಯದ ಮಕ್ಕಳು ಜೀವ ಕೈಯಲ್ಲಿ ಹಿಡಿದು ಓಡಿ ಬಂದಿದ್ದರು. ಹಾಗಾಗಿ ಅಲ್ಲಿ ಏನಾಗುತ್ತಿದೆ ಅಂತ ತಿಳಿಯುವ ಹಕ್ಕು ನಮಗೂ ಇದೆ.

ನನ್ನ ಉತ್ತರ ನೇರವಾಗಿಯೇ ಹೇಳಿಬಿಡುತ್ತೇನೆ. ಕಟ್ಟುವ ಲೆಕ್ಕ ಯುದ್ಧ ನಡೆಯುವಾಗಲೇ ಆಗಬೇಕು, ಆಮೇಲೆ ಅಂದರೆ ಆಗುವುದಿಲ್ಲ. ಯುದ್ಧದಲ್ಲಿ ಇರುವಷ್ಟು ದಿನ ಸರ್ಕಾರಕ್ಕೆ ಜನ ಬೇಕು. ಸೈನ್ಯಕ್ಕೆ ಅವರ ಮಕ್ಕಳು ಬೇಕು, ಕಾರ್ಖಾನೆಗೆ ಅವರ ಕೈ ಬೇಕು, ಖಜಾನೆಗೆ ಅವರ ತೆರಿಗೆ ಬೇಕು, ಕತ್ತಲಲ್ಲಿ ಚಳಿಯಲ್ಲಿ ತಾಳಿಕೊಂಡು ಕೂರುವ ಅವರ ಗಟ್ಟಿತನ ಬೇಕು. ಆಗ ಜನರ ಮಾತಿಗೆ ಬೆಲೆ ಇರುತ್ತದೆ. ಯುದ್ಧ ಮುಗಿದ ಮಾರನೇ ದಿನದಿಂದ ಆ ಬೆಲೆ ಇಳಿಯುತ್ತಾ ಹೋಗುತ್ತದೆ, ಸಾಲ ಕೊಟ್ಟವರ ಮಾತಿಗೆ ಬೆಲೆ ಏರುತ್ತಾ ಹೋಗುತ್ತದೆ. ಅದಕ್ಕೇ ಯೋಜನೆ ಎಷ್ಟು ದೊಡ್ಡದು ಅಂತ ನಾನು ನೋಡುವುದಿಲ್ಲ. ಫಿರಂಗಿ ಬಾಯಿ ಮುಚ್ಚುವ ಮೊದಲು ಯಾವುದು ಕಾನೂನಾಯಿತು, ಯಾವುದಕ್ಕೆ ದುಡ್ಡು ಕಟ್ಟಿಟ್ಟರು, ಯಾರ ನಷ್ಟ ಹೆಸರು ಸಮೇತ ದಾಖಲೆಗೆ ಬಂತು, ಎಲ್ಲಿ ಮಣ್ಣು ಅಗೆದರು, ಇಷ್ಟನ್ನೇ ನೋಡುತ್ತೇನೆ. ಹಿಂದಿನ ಯುದ್ಧಗಳಲ್ಲಿ ಉಳಿದದ್ದು ಇಷ್ಟೇ.

ಮೊದಲು ಉಕ್ರೇನಿನ ಅಂಕಿ ನೋಡೋಣ. ಯುದ್ಧ ಶುರುವಾಗಿದ್ದು 2022ರ ಫೆಬ್ರವರಿ 24ಕ್ಕೆ. ಏಪ್ರಿಲ್‌ನಲ್ಲೇ ಅಲ್ಲಿನ ಸರ್ಕಾರ ಪುನರ್‌ನಿರ್ಮಾಣಕ್ಕೆ ಒಂದು ರಾಷ್ಟ್ರೀಯ ಮಂಡಳಿ ಮಾಡಿತು. ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಸಭೆ ಸೇರಿದಾಗ 750 ಬಿಲಿಯನ್ ಡಾಲರ್ ಬೇಕು ಅಂತ ಉಕ್ರೇನ್ ಹೇಳಿತು. ವಿಶ್ವಬ್ಯಾಂಕ್ ತನ್ನ ಲೆಕ್ಕವನ್ನು ಬೇರೆಯಾಗಿ ಮಾಡುತ್ತಾ ಬಂದಿದೆ. 2022ರಲ್ಲಿ 349 ಬಿಲಿಯನ್, 2023ರಲ್ಲಿ 411, 2024ರಲ್ಲಿ 486, 2025ರ ಫೆಬ್ರವರಿಯ ವರದಿಯಲ್ಲಿ 524. ಇದು ಹತ್ತು ವರ್ಷದ ಖರ್ಚು. ನಮ್ಮ ರೂಪಾಯಿಯಲ್ಲಿ 44 ಲಕ್ಷ ಕೋಟಿಗೂ ಜಾಸ್ತಿ. ಕರ್ನಾಟಕದ 2025-26ರ ಬಜೆಟ್ 4.09 ಲಕ್ಷ ಕೋಟಿ, ಅಂದರೆ ನಮ್ಮ ಇಡೀ ರಾಜ್ಯದ ಹತ್ತು ವರ್ಷದ ಬಜೆಟ್ ಸುರಿದರೂ ಸಾಲುವುದಿಲ್ಲ. ಆ ದೇಶದ ಮನೆಗಳಲ್ಲಿ ನೂರಕ್ಕೆ 13 ಮನೆ ಜಖಂ ಆಗಿವೆ ಇಲ್ಲವೇ ನೆಲಸಮ ಆಗಿವೆ, 25 ಲಕ್ಷಕ್ಕೂ ಜಾಸ್ತಿ ಕುಟುಂಬಗಳಿಗೆ ಪೆಟ್ಟು ಬಿದ್ದಿದೆ ಅಂತ ಅದೇ ವರದಿ ಹೇಳುತ್ತದೆ.

ಈ ಅಂಕಿ ವರ್ಷವರ್ಷಕ್ಕೆ ಏರುತ್ತಿರುವುದನ್ನು ನೋಡಿ "ಹಾಗಾದರೆ ಲೆಕ್ಕ ಮಾಡಿ ಏನು ಪ್ರಯೋಜನ" ಅನ್ನಿಸಬಹುದು. ಪ್ರಯೋಜನ ಇದೆ. ಇದಕ್ಕೆ ಒಳ್ಳೆಯ ಸಾಕ್ಷಿ ಬ್ರಿಟನ್. ಯಾಕೆಂದರೆ ಒಂದೇ ದೇಶ ಎರಡು ಮಹಾಯುದ್ಧದಲ್ಲೂ ಇದೇ ಕೆಲಸ ಮಾಡಿತು, ಒಮ್ಮೆ ಕೈಸುಟ್ಟುಕೊಂಡಿತು, ಇನ್ನೊಮ್ಮೆ ದಡ ಸೇರಿತು.

ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1917ರಲ್ಲಿ, ಅಲ್ಲಿ ಪುನರ್‌ನಿರ್ಮಾಣಕ್ಕೆ ಅಂತಲೇ ಒಂದು ಸಚಿವಾಲಯ ಆಯಿತು. ಸಮಿತಿ ಮೇಲೆ ಸಮಿತಿ, ವರದಿ ಮೇಲೆ ವರದಿ. ಯುದ್ಧ ಮುಗಿದ ಕೂಡಲೇ ಪ್ರಧಾನಿ ಲಾಯ್ಡ್ ಜಾರ್ಜ್, ವೀರಯೋಧರಿಗೆ ತಕ್ಕ ದೇಶ ಕಟ್ಟುತ್ತೇವೆ ಅಂತ ಮಾತು ಕೊಟ್ಟು ಚುನಾವಣೆ ಗೆದ್ದರು. 1919ರಲ್ಲಿ ವಸತಿ ಕಾಯ್ದೆಯೂ ಬಂತು, ಮೂರು ವರ್ಷದಲ್ಲಿ 5 ಲಕ್ಷ ಮನೆ ಅಂದರು. 1921ರ ಹೊತ್ತಿಗೆ ವ್ಯಾಪಾರ ಕುಸಿದಿತ್ತು, ಖಜಾನೆಯವರು ಕತ್ತರಿ ಹಿಡಿದು ಕೂತರು. ಕಡೆಗೆ ಆಗಿದ್ದು ಸುಮಾರು 2 ಲಕ್ಷ ಮನೆ. ಯುದ್ಧ ಮುಗಿಯುವವರೆಗೆ ಕಾನೂನೂ ಇರಲಿಲ್ಲ, ದುಡ್ಡಿನ ಕಟ್ಟುಪಾಡೂ ಇರಲಿಲ್ಲ, ಬರೀ ಮಾತಿತ್ತು. ಕಂದಕದಲ್ಲಿ ನಾಲ್ಕು ವರ್ಷ ಮಲಗಿ ಬಂದ ಜನ ಮತ್ತೆ ಅದೇ ಹಳೆಯ ಓಣಿಗಳಿಗೆ ಮರಳಿದರು.

ಆ ನೆನಪು ಎರಡನೇ ಯುದ್ಧದ ಹೊತ್ತಿಗೆ ಮಾಸಿರಲಿಲ್ಲ. 1940ರ ನವೆಂಬರ್ 14ರ ರಾತ್ರಿ ಕೊವೆಂಟ್ರಿ ಊರಿನ ನಡುಭಾಗ ಸುಟ್ಟು ಬೂದಿಯಾಯಿತು. ಮರುವರ್ಷವೇ ಆ ಊರಿನ ಹೊಸ ನಕ್ಷೆ ನಗರಸಭೆಯ ಮುಂದಿತ್ತು. ಅದೇ 1941ರಲ್ಲಿ ಯುದ್ಧ ಹಾನಿ ಕಾಯ್ದೆ ಬಂತು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ನನಗೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ ಅನ್ನಿಸುತ್ತದೆ. ಮನೆ, ಕಟ್ಟಡ ಇದ್ದವರೆಲ್ಲ ವರ್ಷವರ್ಷ ಒಂದು ಕಂತು ಕಟ್ಟಬೇಕು, ಐದು ಕಂತು. ಯಾರ ಮನೆ ಬಿದ್ದರೂ ಒಂದು ಆಯೋಗ ಬಂದು ನೋಡಿ ಬರೆದುಕೊಳ್ಳುತ್ತದೆ. ರಿಪೇರಿ ಆಗುವಂತಿದ್ದರೆ ರಿಪೇರಿಯ ಖರ್ಚು, ಪೂರ್ತಿ ಹೋಗಿದ್ದರೆ ಮನೆಯ ಬೆಲೆ. ಬೆಲೆಯನ್ನು 1939ರ ಮಾರ್ಚ್ ರೇಟಿಗೆ ಹಿಡಿದರು, ದೊಡ್ಡ ಮೊತ್ತಗಳನ್ನು ಯುದ್ಧ ಮುಗಿದ ಮೇಲೆ ಕೊಡುತ್ತೇವೆ ಅಂದರು, ಅದರಲ್ಲಿ ಜನರಿಗೆ ಅಸಮಾಧಾನವೂ ಇತ್ತು. ಆದರೆ ನಿನ್ನ ಮನೆ ಇತ್ತು, ಅದು ಬಿತ್ತು, ಸರ್ಕಾರ ನಿನಗೆ ಇಷ್ಟು ಬಾಕಿ ಇದೆ ಅನ್ನುವ ಕಾಗದ ಕೈಯಲ್ಲಿತ್ತು.

1942ರ ಡಿಸೆಂಬರ್‌ನಲ್ಲಿ ಬೆವರಿಜ್ ವರದಿ ಬಂತು. ಕಾಯಿಲೆ, ನಿರುದ್ಯೋಗ, ಮುಪ್ಪು, ಯಾವುದೇ ಬಂದರೂ ಮನುಷ್ಯ ಬೀದಿಗೆ ಬೀಳಬಾರದು ಅನ್ನುವ ಸಾಮಾಜಿಕ ವಿಮೆಯ ಯೋಜನೆ. ಸರ್ಕಾರಿ ವರದಿಯೊಂದು 6 ಲಕ್ಷಕ್ಕೂ ಜಾಸ್ತಿ ಪ್ರತಿ ಖರ್ಚಾಯಿತು ಅಂದರೆ ಜನರ ಹಸಿವು ಎಷ್ಟಿತ್ತು ನೋಡಿ. ಚರ್ಚಿಲ್ ಅವರಿಗೆ ಇದರಲ್ಲಿ ಅಷ್ಟು ಉತ್ಸಾಹ ಇರಲಿಲ್ಲ. ಮೊದಲು ಯುದ್ಧ ಗೆಲ್ಲೋಣ, ಕೈಲಾಗದ ಭರವಸೆ ಈಗ ಬೇಡ ಅನ್ನುವುದು ಅವರ ವಾದ. 1943ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ನೂರಕ್ಕೂ ಜಾಸ್ತಿ ಸದಸ್ಯರು ಈ ವಿಷಯದಲ್ಲಿ ಸರ್ಕಾರದ ವಿರುದ್ಧ ಮತ ಹಾಕಿದರು, ಅದೂ ಯುದ್ಧದ ನಡುವೆ, ಎಲ್ಲ ಪಕ್ಷ ಸೇರಿದ ಸರ್ಕಾರದ ವಿರುದ್ಧ. ಆ ಒತ್ತಾಯದಿಂದಲೇ 1944ರಲ್ಲಿ ಶಿಕ್ಷಣ ಕಾಯ್ದೆ, 1945ರ ಜೂನ್‌ನಲ್ಲಿ ಮಕ್ಕಳ ಭತ್ಯೆ ಕಾಯ್ದೆ ಪಾಸಾದವು. ಜುಲೈ ಚುನಾವಣೆಯಲ್ಲಿ ಯುದ್ಧ ಗೆಲ್ಲಿಸಿಕೊಟ್ಟ ಚರ್ಚಿಲ್ ಸೋತರು, ಅಟ್ಲಿಯವರ ಲೇಬರ್ ಪಕ್ಷ ಬಂತು, 1948ರ ಜುಲೈ 5ಕ್ಕೆ ಎಲ್ಲರಿಗೂ ಉಚಿತ ಚಿಕಿತ್ಸೆ ಶುರುವಾಯಿತು. ದೇಶ ಆಗ ಸಾಲದಲ್ಲಿ ಮುಳುಗಿತ್ತು. 1921ರಂತೆ ಕತ್ತರಿ ಹಿಡಿಯುವುದಕ್ಕೆ ಕಾರಣಗಳೇನೂ ಕಮ್ಮಿ ಇರಲಿಲ್ಲ. ಹಿಡಿಯಲು ಆಗಲಿಲ್ಲ, ಅಷ್ಟರಲ್ಲಿ ಬಹಳಷ್ಟು ಕಾನೂನಿನ ಪುಸ್ತಕಕ್ಕೆ ಏರಿಬಿಟ್ಟಿತ್ತು.

ಈಗ ನಮ್ಮ ಕಡೆಗೆ ಬರೋಣ. ಅದೇ ವರ್ಷಗಳಲ್ಲಿ ದೆಹಲಿಯಲ್ಲೂ ಪುನರ್‌ನಿರ್ಮಾಣದ ಸಮಿತಿಗಳಿದ್ದವು. 1941ರಿಂದಲೇ ಶುರು. 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು, ಅವರೆಲ್ಲ ಊರಿಗೆ ಬಂದು ಕೆಲಸ ಎಲ್ಲಿ ಅಂತ ಕೇಳಿದರೆ ಏನು ಗತಿ ಅನ್ನುವ ಭಯ ಬ್ರಿಟಿಷರಿಗಿತ್ತು. 1942ರ ಚಳವಳಿಯ ಬಿಸಿ ಬೇರೆ. 1944ರಲ್ಲಿ ಯೋಜನೆಗೆ ಅಂತಲೇ ಒಂದು ಇಲಾಖೆ ಮಾಡಿ ಸರ್ ಅರ್ದೇಶಿರ್ ದಲಾಲ್ ಅವರನ್ನು ಕೂರಿಸಿದರು. ಅದೇ ವರ್ಷ ಜನವರಿಯಲ್ಲಿ ಟಾಟಾ, ಬಿರ್ಲಾ ಮೊದಲಾದ ಉದ್ಯಮಿಗಳು 15 ವರ್ಷಕ್ಕೆ 10,000 ಕೋಟಿಯ ಬಾಂಬೆ ಪ್ಲಾನ್ ಮುಂದಿಟ್ಟಿದ್ದರು, ದಲಾಲ್ ಅವರೂ ಅದಕ್ಕೆ ಸಹಿ ಹಾಕಿದವರೇ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಈ ಕಾಗದಗಳೆಲ್ಲ ತಯಾರಾಗುತ್ತಿದ್ದ 1943ರಲ್ಲೇ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತರು, ಸುಮಾರು 30 ಲಕ್ಷ ಅಂತ ಅಂದಾಜು. ನಾಳೆಯ ಆಸ್ಪತ್ರೆಯ ನಕ್ಷೆ ಬರೆಯುತ್ತಿದ್ದ ಸರ್ಕಾರಕ್ಕೆ ಇವತ್ತಿನ ಗಂಜಿ ಕೊಡುವ ಜವಾಬ್ದಾರಿ ಕಾಣಲಿಲ್ಲ. ಯುದ್ಧಕಾಲದ ಯಾವ ಯೋಜನೆಯನ್ನು ಓದುವಾಗಲೂ ನನಗೆ ಇದು ನೆನಪಾಗುತ್ತದೆ. ಮತ ಇಲ್ಲದ ಜನರಿಗೆ ಯುದ್ಧಕಾಲದಲ್ಲೂ ಬೆಲೆ ಇರಲಿಲ್ಲ. ಲಂಡನ್ನಿನಲ್ಲಿ ಸರ್ಕಾರದ ಕೈ ತಿರುಚಲು ಸಂಸತ್ತಿತ್ತು, ಕಲ್ಕತ್ತೆಯ ಫುಟ್‌ಪಾತಿನ ಮೇಲೆ ಮಲಗಿದ್ದವರಿಗೆ ಏನೂ ಇರಲಿಲ್ಲ.

ಆ ಕಾಗದಗಳಲ್ಲಿ ಯಾವುದು ಉಳಿಯಿತು? ನಾಗಪುರದ ರಸ್ತೆ ಯೋಜನೆ ಉಳಿಯಿತು. 1943ರ ಡಿಸೆಂಬರ್‌ನಲ್ಲಿ ದೇಶದ ಮುಖ್ಯ ಎಂಜಿನಿಯರ್‌ಗಳು ಅಲ್ಲಿ ಸೇರಿ ರಾಷ್ಟ್ರೀಯ ಹೆದ್ದಾರಿ, ಪ್ರಾಂತ್ಯದ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಅಂತ ದರ್ಜೆ ಮಾಡಿದರು, ಬೇಸಾಯದ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರ ಇರಬಾರದು ಅಂತ ಗುರಿ ಇಟ್ಟರು. ಇಂದಿಗೂ ಸೇಡಂ, ಚಿಂಚೋಳಿ ಕಡೆ ಯಾವ ರಸ್ತೆ ಕೆಲಸದ ಬೋರ್ಡು ನೋಡಿದರೂ ಆ ದರ್ಜೆಯ ನೆರಳು ಕಾಣುತ್ತದೆ. ಸೈನಿಕರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಶುರುವಾದ ವ್ಯವಸ್ಥೆಯೇ ಉದ್ಯೋಗ ವಿನಿಮಯ ಕೇಂದ್ರ. ನಮ್ಮ ಅಪ್ಪಂದಿರ ಕಾಲದವರು ಡಿಗ್ರಿ ಮುಗಿಸಿ ಹೆಸರು ಹಚ್ಚಿಸಿ, ಕಾರ್ಡು ರಿನ್ಯೂ ಮಾಡಿಸುತ್ತಾ ಕರೆ ಬರುತ್ತದೆ ಅಂತ ಕಾದರಲ್ಲ, ಅದೇ.

ನೀರಿನ ಕೆಲಸವೂ ಉಳಿಯಿತು, ಅದರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಅವರ ಪಾಲು ದೊಡ್ಡದು. 1942ರಿಂದ 1946ರವರೆಗೆ ಅವರು ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಖಾತೆಯ ಸದಸ್ಯರು, ನೀರಾವರಿ ಮತ್ತು ವಿದ್ಯುತ್ ಯೋಜನೆಗಳೂ ಅವರ ಕೈಯಲ್ಲಿದ್ದವು. ದಾಮೋದರ್ ಕಣಿವೆ, ಹಿರಾಕುಡ್ ಯೋಜನೆಗಳಿಗೆ ರೂಪ ಬಂದದ್ದು ಆಗ. 1945ರಲ್ಲಿ ಅವರ ಇಲಾಖೆಯಡಿ ಶುರುವಾದ ಜಲಮಾರ್ಗ, ನೀರಾವರಿ ಆಯೋಗವೇ ಮುಂದೆ ಕೇಂದ್ರ ಜಲ ಆಯೋಗವಾಯಿತು. ಭೀಮಾ ನದಿ ತುಂಬಿ ಬಂದಾಗ ಯಾದಗಿರಿಯಲ್ಲಿ ನೀರಿನ ಮಟ್ಟ ಅಳೆಯುವುದು ಆ ಆಯೋಗದ ಕೇಂದ್ರವೇ. ಅಂಬೇಡ್ಕರ್ ಅಂದರೆ ಸಂವಿಧಾನ ಅಂತಷ್ಟೇ ಹೇಳಿ ನಿಲ್ಲಿಸುವವರಿಗೆ ಈ ನಾಲ್ಕು ವರ್ಷದ ಕೆಲಸ ತಿಳಿದಿರಬೇಕು.

ಉಳಿಯದೇ ಹೋದದ್ದನ್ನೂ ಹೇಳಬೇಕು. 1944ರ ಸಾರ್ಜೆಂಟ್ ವರದಿ ಬ್ರಿಟಿಷ್ ಇಂಡಿಯಾದ ಮಕ್ಕಳಿಗೆಲ್ಲ 14 ವರ್ಷದವರೆಗೆ ಉಚಿತ, ಕಡ್ಡಾಯ ಶಿಕ್ಷಣ ಅಂದಿತು, ಅದಕ್ಕೆ 40 ವರ್ಷ ಬೇಕು ಅಂದಿತು. ಕಾನೂನೂ ಆಗಲಿಲ್ಲ, ದುಡ್ಡೂ ಇಡಲಿಲ್ಲ. 40 ವರ್ಷ ಅಂದರೆ 1984. ಆಗ ನಿಜಾಮರ ಸೀಮೆಯಲ್ಲಿದ್ದ ನಮಗೆ ಆ ವರದಿ ಅನ್ವಯವೇ ಆಗುತ್ತಿರಲಿಲ್ಲ, ನಿಜ. ಆದರೂ 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲೇ ಕೊನೆ. ಆರೋಗ್ಯಕ್ಕೆ 1943ರಲ್ಲಿ ಭೋರ್ ಸಮಿತಿ ಮಾಡಿದ್ದರು, ಅದರ ವರದಿ 1946ಕ್ಕೆ ಬಂತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಅದರದೇ. ಸದ್ಯಕ್ಕೆ 40,000 ಜನರಿಗೆ ಒಂದು ಕೇಂದ್ರ, ಎರಡು ಡಾಕ್ಟರು ಅಂತ ಅದರಲ್ಲಿತ್ತು. ಹೆಸರು ಉಳಿಯಿತು, ಕಟ್ಟಡ ಬಂತು. ಎರಡನೇ ಡಾಕ್ಟರು ಎಷ್ಟು ಹಳ್ಳಿಗೆ ಬಂದರು ಅನ್ನುವುದು ನಮ್ಮ ಜನರಿಗೆ ಗೊತ್ತೇ ಇದೆ.

ದುಡ್ಡಿನ ಕತೆ ಇನ್ನೂ ನೋವಿನದು. ಯುದ್ಧಕ್ಕೆ ಭಾರತ ಕೊಟ್ಟ ಸಾಮಾನು, ಸೇವೆಗೆ ಬ್ರಿಟನ್ ಬಾಕಿ ಇಟ್ಟುಕೊಂಡ ಹಣ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,700 ಕೋಟಿ ರೂಪಾಯಿ. ಬಾಂಬೆ ಪ್ಲಾನಿನವರು ಅದರಲ್ಲಿ 1,000 ಕೋಟಿ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದರು. 1944ರ ಜುಲೈನಲ್ಲಿ, ಯುದ್ಧ ಮುಗಿದ ಮೇಲಿನ ಜಗತ್ತಿನ ಹಣಕಾಸಿನ ವ್ಯವಸ್ಥೆ ಮಾಡಲು ಅಮೆರಿಕದಲ್ಲಿ ಸೇರಿದ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ, ಭಾರತದ ಪ್ರತಿನಿಧಿಗಳು ಈ ಮಾತು ಎತ್ತಿದರು. ಅದು ನಮ್ಮಿಬ್ಬರ ನಡುವಿನ ವಿಷಯ, ಆಮೇಲೆ ಗೌರವವಾಗಿ ತೀರಿಸುತ್ತೇವೆ ಅಂತ ಬ್ರಿಟನ್ ಹೇಳಿತು. ಆಮೇಲೆ ಆ ಹಣ ಕಂತುಕಂತಾಗಿ, ಅವರು ಒಪ್ಪಿದಾಗ ಒಪ್ಪಿದಷ್ಟು ಬಂತು. ಯುದ್ಧ ನಡೆಯುವಾಗ ಪತ್ರ ಮಾಡಿಸಿಕೊಳ್ಳದಿದ್ದರೆ ಸಾಲ ಕೊಟ್ಟವನೇ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ನಮ್ಮ ಪಕ್ಕದ ತುಂಗಭದ್ರಾ. ನೀರು ಹಂಚಿಕೊಳ್ಳಲು ಮದ್ರಾಸ್ ಮತ್ತು ಹೈದರಾಬಾದ್ ದಶಕಗಳಿಂದ ಜಗ್ಗಾಡುತ್ತಿದ್ದವು. ಯುದ್ಧದ ನಡುವೆ, 1944ರ ಜೂನ್‌ನಲ್ಲಿ ಒಪ್ಪಂದ ಆಯಿತು. 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದರು, ಹೈದರಾಬಾದ್ ಕಡೆ ನಿಜಾಮರ ಹಿರಿಯ ಮಗ ಬೇರಾರಿನ ರಾಜಕುಮಾರ, ಮದ್ರಾಸ್ ಕಡೆ ಅಲ್ಲಿನ ಗವರ್ನರ್. ಯುರೋಪಿನಲ್ಲಿ ಆಗ ಯುದ್ಧ ಇನ್ನೂ ಮುಗಿದಿರಲಿಲ್ಲ. ಮುಂದೆ ಎರಡೇ ವರ್ಷಕ್ಕೆ ಬ್ರಿಟಿಷರು ಹೋದರು, 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಡಳಿತವೂ ಮುಗಿಯಿತು. ಸಹಿ ಹಾಕಿದ ಎರಡೂ ಸರ್ಕಾರ ಇಲ್ಲದಂತಾದವು, ಆದರೆ ಅಣೆಕಟ್ಟೆಯ ಯೋಜನೆ ಬಿದ್ದುಹೋಗಲಿಲ್ಲ, 1953ಕ್ಕೆ ಕಾಲುವೆಗೆ ನೀರು ಬಿಟ್ಟರು. ಒಪ್ಪಂದ ಇತ್ತು, ಅಡಿಗಲ್ಲು ಬಿದ್ದಾಗಿತ್ತು, ಹಾಗಾಗಿ ಹೊಸ ಸರ್ಕಾರಕ್ಕೆ ಮುಂದುವರಿಸದೆ ಬೇರೆ ದಾರಿ ಇರಲಿಲ್ಲ. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳು ಅದರ ಫಲ. ನಮ್ಮ ಶಹಾಪುರ, ಸುರಪುರಕ್ಕೆ ನೀರು ಕೊಡುವ ಕೃಷ್ಣಾ ಮೇಲ್ದಂಡೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಕಾಲುವೆಯಲ್ಲಿ ನೀರು ಕಂಡದ್ದು 1980ರ ದಶಕದಲ್ಲಿ. ಒಂದೇ ನಿಜಾಮರ ಸೀಮೆಯಲ್ಲಿದ್ದ ಎರಡು ಪಟ್ಟಿ ನೆಲದ ನಡುವೆ ಒಂದು ತಲೆಮಾರಿನ ಅಂತರ ಬಿತ್ತು.

ಈ ಕಣ್ಣಿನಿಂದ ಉಕ್ರೇನನ್ನು ಮತ್ತೆ ನೋಡಿ. ನನಗೆ ಅಲ್ಲಿ ಭರವಸೆ ಹುಟ್ಟಿಸುವುದು ಲುಗಾನೊ, ಲಂಡನ್, ಬರ್ಲಿನ್, ರೋಮ್ ಸಭೆಗಳ ಫೋಟೋ ಅಲ್ಲ. 2023ರ ಮೇ ತಿಂಗಳಲ್ಲಿ ಅವರು ಶುರುಮಾಡಿದ ಒಂದು ಸಣ್ಣ ವ್ಯವಸ್ಥೆ. ಮನೆ ಜಖಂ ಆದವರು ಮೊಬೈಲಿನಲ್ಲಿ ದಿಯಾ ಅನ್ನುವ ಸರ್ಕಾರಿ ಆ್ಯಪ್ ತೆರೆದು ಅರ್ಜಿ ಹಾಕುತ್ತಾರೆ. ಸ್ಥಳೀಯ ಸಮಿತಿ ಬಂದು ಮನೆ ನೋಡುತ್ತದೆ. ರಿಪೇರಿಗೆ ಆದರೆ ಹಣ ಒಂದು ಬೇರೆ ಖಾತೆಗೆ ಬೀಳುತ್ತದೆ, ಆ ಹಣದಲ್ಲಿ ಕಿಟಕಿ, ಬಾಗಿಲು, ಸಿಮೆಂಟು ಕೊಳ್ಳಬಹುದು, ಕೆಲಸದವರ ಕೂಲಿ ಕೊಡಬಹುದು, ಬೇರೆ ಯಾವುದಕ್ಕೂ ಬಳಸಲು ಬರುವುದಿಲ್ಲ. ಮನೆ ಪೂರ್ತಿ ಹೋಗಿದ್ದರೆ ಒಂದು ಪ್ರಮಾಣಪತ್ರ ಕೊಡುತ್ತಾರೆ, ಅದನ್ನು ಕೊಟ್ಟು ಬೇರೆ ಊರಿನಲ್ಲೂ ಮನೆ ಕೊಳ್ಳಬಹುದು. ಇದರ ಜೊತೆಗೆ ನೆದರ್‌ಲೆಂಡ್ಸಿನ ಹೇಗ್ ನಗರದಲ್ಲಿ ಯುರೋಪ್ ಕೌನ್ಸಿಲ್ ಅನ್ನುವ ಮಾನವ ಹಕ್ಕುಗಳ ಸಂಸ್ಥೆ ನಷ್ಟದ ದಾಖಲೆ ಪುಸ್ತಕವೊಂದನ್ನು ತೆರೆದಿದೆ, 2024ರ ಏಪ್ರಿಲ್‌ನಿಂದ ಅರ್ಜಿ ತಗೊಳ್ಳುತ್ತಿದೆ. ಇದರಲ್ಲಿ ಬರೆಸಿದ ನಷ್ಟ ಮುಂದೆ ರಷ್ಯಾದಿಂದ ಪರಿಹಾರ ಕೇಳಲು ಆಧಾರ.

ನಮ್ಮ ಭೀಮಾ ದಂಡೆಯ ಜನರಿಗೆ ಇದು ಹೊಸದಲ್ಲ, ಅಲ್ವಾ? ಪ್ರವಾಹ ಇಳಿದ ಮೇಲೆ ಅಫಜಲಪುರ, ಜೇವರ್ಗಿ, ವಡಗೇರಾ ಕಡೆಯ ಹಳ್ಳಿಗಳಲ್ಲಿ ನಡೆಯುವ ಪಂಚನಾಮೆ ನೋಡಿದವರಿಗೆ ಉಕ್ರೇನಿನ ಆ್ಯಪ್ ತಕ್ಷಣ ಅರ್ಥವಾಗುತ್ತದೆ. 2019ರ ನೆರೆಯ ಮೇಲೆ ರಾಜ್ಯ ಸರ್ಕಾರ ಎ, ಬಿ, ಸಿ ಅಂತ ವರ್ಗ ಮಾಡಿತು. ನೂರಕ್ಕೆ 75ಕ್ಕಿಂತ ಜಾಸ್ತಿ ಬಿದ್ದಿದ್ದರೆ ಎ, 5 ಲಕ್ಷ. 15ರಿಂದ 25ರಷ್ಟು ಆದರೆ ಸಿ, 50 ಸಾವಿರ. ಮಣ್ಣಿನ ಗೋಡೆಯ ಮಾಳಿಗೆ ಮನೆ ನೀರಿನಲ್ಲಿ ನಿಂತಾಗ ಬೀಳುವುದಿಲ್ಲ. ನೀರಿಳಿದು ಬಿಸಿಲು ಬಿದ್ದು ಗೋಡೆ ಒಣಗುವಾಗ ಬಿರುಕು ಬಿಡುತ್ತದೆ, ಹತ್ತು ಹದಿನೈದು ದಿನಕ್ಕೆ ಒಂದು ರಾತ್ರಿ ಮೂಲೆ ಸಮೇತ ಕುಸಿಯುತ್ತದೆ. ಅಷ್ಟರಲ್ಲಿ ಪಂಚನಾಮೆಯವರು ಬಂದು, ಮನೆಯೊಡತಿಯನ್ನು ಬಾಗಿಲ ಮುಂದೆ ನಿಲ್ಲಿಸಿ ಫೋಟೋ ಹೊಡೆದು, ಸಿ ಅಂತ ಬರೆದು ಹೋಗಿರುತ್ತಾರೆ. ಆಮೇಲೆ ಅದನ್ನು ಎ ಮಾಡಿಸಲು ತಹಸೀಲ್ ಕಚೇರಿಗೆ ಎಷ್ಟು ಸಲ ಅಲೆಯಬೇಕು ಅನ್ನುವುದು ಅನುಭವಿಸಿದವರಿಗೇ ಗೊತ್ತು. ಮನೆ ಅಜ್ಜನ ಹೆಸರಿನಲ್ಲಿದ್ದರೆ ಇನ್ನೊಂದು ತಕರಾರು. ಬಾಡಿಗೆಗೆ ಇದ್ದವರ ಪಾತ್ರೆ, ಜೋಳದ ಚೀಲ, ಮಕ್ಕಳ ಪುಸ್ತಕ ಯಾವ ವರ್ಗಕ್ಕೂ ಸೇರುವುದಿಲ್ಲ.

ಉಕ್ರೇನಿನಲ್ಲೂ ಇವೇ ತೊಡಕುಗಳಿವೆ. ಹಳ್ಳಿ ಮನೆಗಳ ಹಕ್ಕಿನ ಕಾಗದ ಎಷ್ಟೋ ಕಡೆ ಸೋವಿಯತ್ ಕಾಲದ್ದು, ಕಂಪ್ಯೂಟರ್ ದಾಖಲೆಗೆ ಬಂದೇ ಇಲ್ಲ. ವ್ಯವಸ್ಥೆ ಇರುವುದು ಮನೆ ಮಾಲೀಕರಿಗೆ. ರಷ್ಯಾ ಹಿಡಿದಿಟ್ಟುಕೊಂಡ ಊರುಗಳಿಗೆ ಸಮಿತಿ ಹೋಗಿ ನೋಡಲು ಸಾಧ್ಯವೇ ಇಲ್ಲ, ಅಲ್ಲಿಂದ ಓಡಿಬಂದವರ ಮನೆ ನಿಂತಿದೆಯೋ ಬಿದ್ದಿದೆಯೋ ಯಾರು ಬರೆಯಬೇಕು? ಆದರೂ ಅವರು ಯುದ್ಧದ ನಡುವೆಯೇ ಬರೆಯಲು ಶುರುಮಾಡಿದ್ದು ದೊಡ್ಡ ಕೆಲಸ. ನೆನಪು, ಸಾಕ್ಷಿ, ಅವಶೇಷ, ಮೂರೂ ಹಸಿಯಾಗಿರುವಾಗ ಬರೆದದ್ದೇ ಮುಂದೆ ನಿಲ್ಲುತ್ತದೆ.

ಯಾರು ತೀರ್ಮಾನ ಮಾಡಬೇಕು ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. 2009ರ ನೆರೆಯಾದ ಮೇಲೆ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ಊರಿಗೆ ಊರೇ ಎತ್ತರದ ಜಾಗಕ್ಕೆ ಸ್ಥಳಾಂತರ ಅಂತ ಹೊಸ ಮನೆ ಕಟ್ಟಿದರು. ಉದ್ದೇಶ ಚೆನ್ನಾಗಿತ್ತು. ಎಷ್ಟೋ ಕಡೆ ಆ ಮನೆಗಳು ಖಾಲಿ ಉಳಿದವು, ಬಾಗಿಲು ಕಿತ್ತುಹೋದವು, ಜಾಲಿ ಬೆಳೆಯಿತು. ಹೊಲ ದೂರ. ಎತ್ತು ಕಟ್ಟಲು ಜಾಗ ಇಲ್ಲ, ಕಣಿಕೆ ಒಟ್ಟಲು ಹಿತ್ತಲು ಇಲ್ಲ, ತೊಗರಿ ಒಣಹಾಕಲು ಮಾಳಿಗೆ ಇಲ್ಲ. ಒಕ್ಕಲು ಮನೆ ಅಂದರೆ ಬರೀ ಮಲಗುವ ಜಾಗ ಅಲ್ಲ ಅಂತ ಹೇಳಬಲ್ಲವರನ್ನು ನಕ್ಷೆ ಬರೆಯುವಾಗ ಕೇಳಬೇಕಿತ್ತು.

ಉಕ್ರೇನಿನ ಕಖೋವ್ಕಾ ಅಣೆಕಟ್ಟೆಯಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ನಿಂತಿದೆ. 2023ರ ಜೂನ್ 6ರಂದು ಆ ಅಣೆಕಟ್ಟೆ ಒಡೆಯಿತು, ಕೆಳಗಿನ ಊರುಗಳು ಮುಳುಗಿದವು, ಮೇಲಿನ ಕಾಲುವೆಗಳು ಒಣಗಿದವು. ಖಾಲಿಯಾದ ಜಲಾಶಯದ ತಳದಲ್ಲಿ ಈಗ ಕಾಡು ಬೆಳೆದಿದೆ. ಅದನ್ನು ಹಾಗೇ ಬಿಡಿ ಅಂತ ಪರಿಸರ ವಿಜ್ಞಾನಿಗಳು ಕೇಳುತ್ತಾರೆ, ಕಾಲುವೆ ನೀರನ್ನೇ ನಂಬಿದ್ದ ದಕ್ಷಿಣದ ಬೇಸಾಯಕ್ಕೆ ಅಣೆಕಟ್ಟೆ ಇಲ್ಲದೆ ನಡೆಯುವುದಿಲ್ಲ. ಎರಡೂ ಕಡೆ ನ್ಯಾಯ ಇದೆ. ಕಾಲುವೆಯ ಕೊನೆಯಲ್ಲಿ ಹೊಲ ಇರುವವರ ಪಾಡು ತಿಳಿದ ನನಗೆ ರೈತರ ಕಡೆ ಮನಸ್ಸು ಜಾಸ್ತಿ ವಾಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ದುಡ್ಡಿನ ಮಟ್ಟಿಗೆ ಉಕ್ರೇನ್ ಸ್ವಲ್ಪ ಜಾಣತನ ತೋರಿದೆ. ಯುರೋಪ್ ಒಕ್ಕೂಟದಿಂದ 2024ರಿಂದ 2027ರವರೆಗೆ 50 ಬಿಲಿಯನ್ ಯೂರೊ ಕಾನೂನಿನ ಮೂಲಕವೇ ಪಕ್ಕಾ ಮಾಡಿಸಿಕೊಂಡಿದೆ. ಪಶ್ಚಿಮದ ದೇಶಗಳಲ್ಲಿ ತಡೆಹಿಡಿದಿರುವ ರಷ್ಯಾದ ಸುಮಾರು 300 ಬಿಲಿಯನ್ ಡಾಲರಿನ ಆದಾಯವನ್ನು ಆಧಾರ ಮಾಡಿ 50 ಬಿಲಿಯನ್ ಸಾಲ ಕೊಡಲು ಜಿ7 ಕೂಟದ ಶ್ರೀಮಂತ ದೇಶಗಳು 2024ರಲ್ಲಿ ಒಪ್ಪಿದವು. ಮನೆಯೊಳಗಿನ ಜಗಳ ಮಾತ್ರ ಕೆಲಸ ಕೆಡಿಸಿದೆ. ಪುನರ್‌ನಿರ್ಮಾಣದ ಹೊಣೆ ಹೊತ್ತಿದ್ದ ಉಪಪ್ರಧಾನಿ ಕುಬ್ರಕೋವ್ ಅವರನ್ನು 2024ರ ಮೇನಲ್ಲಿ ತೆಗೆದರು. ಜೂನ್‌ನಲ್ಲಿ, ಬರ್ಲಿನ್ ಸಭೆಗೆ ಮುನ್ನಾದಿನವೇ ಅನ್ನುವ ಹಾಗೆ, ಅಲ್ಲಿನ ಪುನರ್‌ನಿರ್ಮಾಣ ಏಜೆನ್ಸಿಯ ಮುಖ್ಯಸ್ಥ ಮುಸ್ತಫಾ ನಯ್ಯೆಮ್ ರಾಜೀನಾಮೆ ಕೊಟ್ಟರು. ದುಡ್ಡು ಕೊಡುವವರ ಎದುರು ಇದು ಒಳ್ಳೆಯ ಹೊತ್ತಲ್ಲ.

ಗಾಜಾದ ಬಗ್ಗೆ ಬರೆಯಲು ಕೈ ಭಾರವಾಗುತ್ತದೆ. 2025ರ ಫೆಬ್ರವರಿಯಲ್ಲಿ ವಿಶ್ವಬ್ಯಾಂಕ್, ವಿಶ್ವಸಂಸ್ಥೆ, ಯುರೋಪ್ ಒಕ್ಕೂಟ ಸೇರಿ 53 ಬಿಲಿಯನ್ ಡಾಲರ್ ಬೇಕು ಅಂದವು. ಮಾರ್ಚ್‌ನಲ್ಲಿ ಕೈರೋದಲ್ಲಿ ಅರಬ್ ದೇಶಗಳು ಈಜಿಪ್ಟಿನ ಯೋಜನೆ ಒಪ್ಪಿದವು. ಅಲ್ಲಿ ಅಂಕಿಗೆ, ನಕ್ಷೆಗೆ ಕೊರತೆ ಇಲ್ಲ. ಆ ನೆಲದ ಜನ ತಮ್ಮ ಮತದಿಂದ ಆರಿಸಿದ, ತಮ್ಮ ಪರವಾಗಿ ಮೇಜು ಕುಟ್ಟಿ ಕೇಳಬಲ್ಲ ಒಂದು ಸರ್ಕಾರ ಆ ಮೇಜಿನಲ್ಲಿ ಇಲ್ಲ. ಬಂಗಾಳದವರಿಗೂ ಇರಲಿಲ್ಲ.

ಕೊನೆಗೆ ಮನುಷ್ಯರ ಲೆಕ್ಕ. ಉಕ್ರೇನಿನಿಂದ ಹೋದ ಸುಮಾರು 60 ಲಕ್ಷ ಜನ ಹೊರದೇಶಗಳಲ್ಲಿದ್ದಾರೆ, ಹೆಚ್ಚಿನವರು ಹೆಂಗಸರು, ಮಕ್ಕಳು. ಪೋಲೆಂಡಿನಲ್ಲೋ ಜರ್ಮನಿಯಲ್ಲೋ ಮಗು ಶಾಲೆಗೆ ಸೇರಿ, ಅಲ್ಲಿನ ಭಾಷೆ ಕಲಿತು, ಗೆಳೆಯರನ್ನು ಮಾಡಿಕೊಂಡ ಮೇಲೆ ವಾಪಸ್ ಬಾ ಅಂತ ಕರೆಯುವುದು ಸುಲಭ ಅಲ್ಲ. ಯಾದಗಿರಿಯ ತಾಂಡಾಗಳಿಂದ ಮುಂಬೈ, ಪುಣೆಗೆ ಗುಳೆ ಹೋದ ಕುಟುಂಬಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ಮನೆ ಮಂಜೂರಾಗಿದೆ ಅಂದರೆ ಯಾರೂ ಬರುವುದಿಲ್ಲ, ಕೆಲಸ ಇದೆ, ಶಾಲೆ ಇದೆ ಅಂದರೆ ಬರುತ್ತಾರೆ. ಖಾರ್ಕಿವ್ ಇದನ್ನು ಅರ್ಥ ಮಾಡಿಕೊಂಡಂತೆ ಕಾಣುತ್ತದೆ. ಗಡಿ ಹತ್ತಿರ ಇರುವ ಆ ಊರಿನಲ್ಲಿ ಸೈರನ್ ಕೂಗಿ ಕ್ಷಿಪಣಿ ಬೀಳಲು ನಿಮಿಷಗಳೂ ಬೇಕಿಲ್ಲ, ಅದಕ್ಕೇ 2023ರಲ್ಲಿ ಮೆಟ್ರೋ ನಿಲ್ದಾಣಗಳಲ್ಲಿ ತರಗತಿ ಶುರುಮಾಡಿದರು, 2024ರಲ್ಲಿ ಪೂರ್ತಿ ನೆಲದಡಿಯಲ್ಲೇ ಒಂದು ಶಾಲೆ ಕಟ್ಟಿ ತೆರೆದರು, ಆಮೇಲೆ ಇನ್ನಷ್ಟು ಕಟ್ಟುತ್ತಿದ್ದಾರೆ. ಯುದ್ಧ ಮುಗಿದ ಮೇಲೆ ಮಕ್ಕಳನ್ನು ಕರೆಸಿಕೊಳ್ಳೋಣ ಅಂತ ಆ ನಗರಸಭೆ ಕಾಯಲಿಲ್ಲ. ಮುಂದಿನ ಸಲ ಬಿಲಿಯನ್ ಡಾಲರಿನ ಹೊಸ ಅಂಕಿ ಟಿವಿಯಲ್ಲಿ ಬಂದಾಗ ನಾನು ಹುಡುಕುವುದು ಇಂಥ ಶಾಲೆ ಇನ್ನೆಷ್ಟು ಊರಿನಲ್ಲಿ ತೆರೆಯಿತು, ದಿಯಾದಲ್ಲಿ ಅರ್ಜಿ ಹಾಕಿದವರಲ್ಲಿ ಎಷ್ಟು ಜನರ ಖಾತೆಗೆ ದುಡ್ಡು ಬಿತ್ತು, ಹೇಗ್‌ನ ಪುಸ್ತಕದಲ್ಲಿ ಬಾಡಿಗೆ ಮನೆಯವರ ನಷ್ಟಕ್ಕೂ ಜಾಗ ಸಿಕ್ಕಿತಾ ಅನ್ನುವುದನ್ನು.